ಪರಮಾಣು ಹುಡುಕೋ ಯಂತ್ರಕ್ಕ ಖಂಡೇಪೂಜಿ

ಕಂಪ್ಯೂಟರಿಗಿ ನಾ ಅಂಜತಿದ್ದೆ, ಮಂದಿ ನನಗ ಅಂಜತಿದ್ರು. ಇಷ್ಟು ಅಂಜಿಕಿ ಒಂದೇ ಊರಾಗ ಕೂಡಿದ್ರ ಇಂಥಾವ ನಡೀಲಾರದೆ ಏನು ಮಾಡ್ತಾವ್ರಿ?

೧. ಫ್ಯಾನು

ತೊಂಬತ್ತರ ದಶಕದ ಕೊನಿಗಿ ಸೇಡಂ ಕಾಲೇಜಿನಾಗ ಫಿಸಿಕ್ಸ್ ಕಲಸ್ತಿದ್ದೆ, ಜೋಡಿಗಿ ಪಿಎಚ್‌ಡಿ. ಗುಲಬರ್ಗಾದ ಗೈಡ್ ಸರ್ ಒಂದು ಫೋಟೋ ಕೊಟ್ಟಿದ್ರು. ಬಣ್ಣದಾಗ ಹಾಕೋ ಬಿಳಿ ಟೈಟಾನಿಯಂ ಆಕ್ಸೈಡಿನ ಮ್ಯಾಲ್ಮೈ, ಪರಮಾಣು ಕಾಣೋವಷ್ಟು ದೊಡ್ಡದು ಮಾಡಿದ್ದು. ಅದರಾಗೊಂದು ಚುಕ್ಕಿ. ಅಲ್ಲಿ ಆಕ್ಸಿಜನ್ ಪರಮಾಣು ಬಿದ್ದುಹೋಗ್ಯದೋ, ಹೈಡ್ರೋಜನ್ ಬಂದು ಕುಂತದೋ? ಎರಡನ್ನೂ ಕಾಲೇಜಿನ ಕಂಪ್ಯೂಟರಿನಾಗ ಲೆಕ್ಕ ಹಾಕಿ ಕಟ್ಟಿ, ಯಾವುದು ಫೋಟೋಕ್ಕ ಹೋಲ್ತದ ಅಂತ ನೋಡಬೇಕು. ಲೆಕ್ಕ ವಾರಗಟ್ಟಲೆ ಓಡ್ತಿತ್ತು. ನಡುವ ಬಂದ್ ಆದ್ರ ಮತ್ತ ಮೊದಲಿಂದ.

"ದಸರಾ ಮುಗಿಯೋದ್ರಾಗ ಉತ್ತರ ಬರಲಿಲ್ಲಂದ್ರ ಬ್ಯಾರೆ ಗೈಡ್ ನೋಡ್ಕೋರಿ," ಅಂದಿದ್ರು ಸರ್. ಅವರ ಫೋನ್ ಬಂದ್ರ ನಾ ಎದ್ದು ನಿಂತು ಮಾತಾಡ್ತಿದ್ದೆ.

ಕರೆಂಟ್ ಹೋದಾಗ ಕಂಪ್ಯೂಟರಿಗಿ ಬ್ಯಾಟರಿ ಉಳೀಲಿ ಅಂತ ಪ್ರಿನ್ಸಿಪಾಲರಿಗೂ ಫ್ಯಾನ್ ಹಚ್ಚಗೊಡ್ತಿರಲಿಲ್ಲ. ಬೆವರು ಒರಸ್ಕೋತ ಅವರು ಕೇಳಿದ್ರು: "ಯಾಕ್ರೀ ಮೇಡಂ, ಗಾಳಿಗಿ ಪರಮಾಣು ಹಾರಿ ಹೋಗ್ತಾವೇನು?"

೨. ಮನಿ ಮಾಲಕಿ

ಆಗ ಪೇಪರಿನ ತುಂಬ ಅಣುಬಾಂಬಿನ ಸುದ್ದಿ. ಬಾಡಿಗಿ ಮನಿ ಮಾಲಕಿ ನನ್ನ ಕೆಲಸ ಏನಂತ ಕೇಳಿದ್ರು. "ಒಂದು ಪರಮಾಣು ಇರೋ ಜಾಗದಾಗ ಇಲ್ರಿ ಕಾಕೂ, ಅದನ್ನ ಹುಡಕಲಿಕತ್ತೀನಿ," ಅಂದೆ.

"ಅಯ್ಯ ಶಿವನೇ!" ಅಂದವರೇ ಒಳಗ ಹೋದ್ರು. ಮುಂಜಾನೆ ನೋಡ್ತೀನಿ, ಅಟ್ಟದ ಮ್ಯಾಲಿನ ಕಟ್ಟಿಗಿ ಸುದ್ದಾ ಇಳಿಸಿ ಮನಿ ಗುಡಸ್ಯಾರ. "ಎಲ್ಲೂ ಸಿಗಲಿಲ್ಲವ್ವಾ. ಸಿಕ್ಕರ ಕೈಲೆ ಹಿಡೀಬೇಕೋ, ಚಿಮಟಿಗಿಲೆನೋ?"

೩. ರಜಾ

ಖಂಡೇನವಮಿ, ಆಯುಧಪೂಜಿ ದಿನ. ಲೆಕ್ಕ ಇನ್ನೇನು ಮುಗೀಬೇಕು. ಚಿತ್ತಾಪುರದಾಗ ತವರಮನಿ ಹೋಳಿಗಿ ಅರ್ಧಕ್ಕ ಬಿಟ್ಟು ಕಾಲೇಜಿಗಿ ಓಡಿ ಬಂದೆ. ಕಂಪ್ಯೂಟರ್ ಬಂದ್! ಮ್ಯಾಲ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲಿ. ಸ್ವಿಚ್ ಹಾಕಲಿಕ್ಕ ಹೋದೆ.

"ಇವತ್ತ ಹತ್ಯಾರ ದುಡಿಸಬಾರದ್ರಿ ಮೇಡಂ," ಅಂದ ಜವಾನ, ಪ್ರಸಾದ ಕೈಗಿಡ್ಕೋತ. "ಪಾಪ, ಭಾಳ ದಣಿದಿತ್ತು."

ಅಳ್ಕೋತ ಎಸ್‌ಟಿಡಿ ಬೂತಿಗಿ ಹೋಗಿ ಗೈಡ್ ಸರ್ ಮನಿಗಿ ಫೋನ್ ಹಚ್ಚಿದೆ. "ಸರ್... ಪೂಜಿ ಮಾಡಿ ಬಂದ್ ಮಾಡ್ಯಾರ್ರಿ..."

ಮುಗೀತು ನನ್ನ ಪಿಎಚ್‌ಡಿ ಅಂದ್ಕೊಂಡು ಕಣ್ಣು ಮುಚ್ಚಿದೆ.

"ಸಣ್ಣ ದನಿಲೆ ಮಾತಾಡ್ರಿ," ಅಂದ್ರು ಸರ್, ಪಿಸುಮಾತಿನ್ಯಾಗ. "ಮನ್ಯಾಗಿನ ನನ್ನ ಕಂಪ್ಯೂಟರೂ ಬಂದ್ ಆಗ್ಯದ. ಪೂಜಿ ಮಾಡಿ ಖೋಲಿ ಕೀಲಿ ನಮ್ಮವ್ವ ಸೆರಗಿಗಿ ಕಟ್ಕೊಂಡಾಳ. ದೀಪಾವಳಿ ಮಟ ಟೈಮ್ ಕೊಡ್ತೀನಿ ಮೇಡಂ, ನೀವಾರ ಬಂದು ಆಕಿನ್ನ ಕೀಲಿ ಕೇಳ್ರಿ. ನನಗ ಅಂಜಿಕಿ ಬರ್ಲಿಕತ್ತದ."