ಅಗ್ಗದ ವೈನಿಗೂ ಒಂದು ಮರ್ಯಾದೆ

ನಮ್ಮ ವೈನ್ ಗ್ರೂಪಿನಲ್ಲಿ ವಾರಕ್ಕೊಬ್ಬರಾದರೂ ಮುನಿಸಿಕೊಳ್ಳದಿದ್ದರೆ, ನನಗೆ ಫೋನೇ ಕೆಟ್ಟಿದೆಯೇನೋ ಅನ್ನಿಸಿಬಿಡುತ್ತದೆ.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ದ್ರಾಕ್ಷಿ ಮೇಳವೊಂದರಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ಒಂದೇ ಸಾಲಿನಲ್ಲಿ ನಿಂತ ನಾಲ್ವರು ಸೇರಿ ಈ ವಾಟ್ಸಾಪ್ ಗ್ರೂಪು ಶುರುಮಾಡಿದೆವು. ಗಂಗಾವತಿಯ ಅಕ್ಕಿ ಮಿಲ್ಲಿನ ಸಾಹುಕಾರರು, ಕುಷ್ಟಗಿಯ ದ್ರಾಕ್ಷಿ ತೋಟದ ಗೌಡರು, ಯಲಬುರ್ಗಾದ ನಿವೃತ್ತ ಕನ್ನಡ ಮಾಸ್ತರು, ಮತ್ತೆ ನಾನು. ಆಮೇಲೆ ಇನ್ನಷ್ಟು ಜನ ಬಂದರು. ಪಿಂಚಣಿಗೆ ನಿಲುಕುವ ವೈನಿನ ಬಗ್ಗೆ ಮಾತ್ರ ಇಲ್ಲಿ ಮಾತು. ಅಗ್ಗದ ವೈನು ಕುಡಿಯುವುದು ಸುಲಭ. ಅದು ಚೆನ್ನಾಗಿಲ್ಲವೆಂದು ನಾಲ್ಕು ಜನರ ಮುಂದೆ ಹೇಳುವುದಿದೆಯಲ್ಲ, ಕಷ್ಟವೆಲ್ಲ ಅಲ್ಲಿದೆ.

ಮೂವತ್ತೈದು

ಮಗಳ ಮದುವೆ ಗೊತ್ತಾದ ಖುಷಿಗೆ ಸಾಹುಕಾರರು ನಮಗೆಲ್ಲ ಒಂದೊಂದು ಕೆಂಪು ವೈನ್ ಬಾಟಲಿ ಕಳಿಸಿದರು. ಎಲ್ಲರೂ ಕೈಮುಗಿದ ಚಿತ್ರ ಹಾಕಿ ಸುಮ್ಮನಾದೆವು. ಮಾಸ್ತರು ಮಾತ್ರ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರು. ಅವರು ಗ್ರೂಪಿನಲ್ಲಿ ಬರೆದರು: "ನೂರಕ್ಕ ಮೂವತ್ತೈದು. ಹೆಂಗೋ ಪಾಸಾಗೇತಿ. ಇನ್ನೂ ಭಾಳ ಶ್ರಮ ಬೇಕು."

ಹತ್ತು ನಿಮಿಷಕ್ಕೆ ಸಾಹುಕಾರರ ಉತ್ತರ ಬಂತು.

"ಮಾಸ್ತರ್ರ, ನೀವು ಗಂಗಾವತಿ ಸಾಲ್ಯಾಗ ಇದ್ದಾಗ ಕನ್ನಡದಾಗ ನನಗೂ ಮೂವತ್ತೈದ ಕೊಟ್ಟಿದ್ರಿ. ಈಗ ನಿಮ್ಮ ಮನಿಗೆ ವರ್ಷಾ ಅಕ್ಕಿ ಎಲ್ಲಿಂದ ಬರ್ತೈತಿ, ಸ್ವಲ್ಪ ನೆನಪು ಮಾಡ್ಕೊಳ್ರಿ."

ಮಾಸ್ತರು ಗ್ರೂಪನ್ನೇ ಬಿಟ್ಟು ಹೋದರೇನೋ ಎಂದು ನಾನು ಗಾಬರಿಯಾಗಿ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ಒಂದು ಸಾಲು ಬಂತು:

"ಮರುಮೌಲ್ಯಮಾಪನದಾಗ ಅರವತ್ತು."

ಮೊದಲು ಒಂದು ಒಳ್ಳೆಯ ಮಾತು

ಇದಾದ ಮೇಲೆ ನಾನು ಒಂದು ನಿಯಮ ಹಾಕಿದೆ. ಯಾವ ವೈನನ್ನೇ ಬೈಯಲಿ, ಮೊದಲು ಅದರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿಯೇ ಬೈಯಬೇಕು. ಎಲ್ಲರೂ ಒಪ್ಪಿದರು. ಮರುದಿನವೇ ಗೌಡರು ಬರೆದರು: "ಬಾಟಲಿ ಭಾಳ ಛಲೋ ಐತಿ. ತೊಳದ್ರ ಕುಸುಬಿ ಎಣ್ಣಿ ಹಾಕಿಡಾಕ ಬರ್ತೈತಿ."

ಅದರ ಹಿಂದೆಯೇ ಸಾಹುಕಾರರು: "ಮುಚ್ಚಳ ಸಲೀಸಾಗಿ ತಿರುಗ್ತೈತಿ. ತಿರುಗಿಸಬಾರದಿತ್ತು."

ನನ್ನ ಹೆಂಡತಿಗೆ ವೈನಿನ ವಾಸನೆಯೂ ಆಗದು. ಆದರೆ ಗ್ರೂಪಿನ ಒಂದು ಮೆಸೇಜನ್ನೂ ಆಕೆ ತಪ್ಪಿಸುವುದಿಲ್ಲ. ಕನ್ನಡಕ ಏರಿಸಿ ಇವನ್ನೆಲ್ಲ ಓದಿ ಅಂದಳು: "ಹುಡುಗ ಹೆಂಗದಾನ ಅಂತ ಕೇಳಿದ್ರ, ಮನಿ ದೊಡ್ಡದೈತಿ ಅಂದಂಗಾತು."

ಹಳೇ ಚರ್ಮ

ಬೆಂಗಳೂರಿನಿಂದ ಕೊಪ್ಪಳಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರೊಬ್ಬರು ಗ್ರೂಪಿಗೆ ಸೇರಿದರು. ಓದಿಕೊಂಡವರು. ಮೊದಲ ದಿನವೇ ಬರೆದರು: "ಈ ಬೆಲೆಗೆ ಇದು ಅಚ್ಚರಿ. ಮೊದಲು ಒದ್ದೆ ಮಣ್ಣು, ಆಮೇಲೆ ತಂಬಾಕು, ಕೊನೆಗೆ ಹಳೇ ಚರ್ಮದ ವಾಸನೆ."

ಗೌಡರಿಗೆ ಕರುಳು ಚುರ್ರೆಂದಿತು. ಹೊಸದಾಗಿ ಊರಿಗೆ ಬಂದ ಮನುಷ್ಯ, ಯಾರೋ ಮೋಸ ಮಾಡಿದ್ದಾರೆ. ಕೂಡಲೇ ಬರೆದರು: "ಸಾಹೇಬ್ರ, ಕುಡಿಬ್ಯಾಡ್ರಿ. ಯಾವ ಅಂಗಡಿ ಹೇಳ್ರಿ, ನಾ ಬಂದು ಮಾತಾಡ್ತೀನಿ."

"ಗೌಡ್ರೇ, ನಾನು ಹೊಗಳಿದ್ದು."

ಅದು ಹೊಗಳಿಕೆ ಎಂದು ಗೌಡರಿಗೆ ತಿಳಿಹೇಳುವುದರೊಳಗೆ ನನಗೆ ಸಾಕಾಯಿತು. ಕೊನೆಗೆ ಅವರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಭಾಳ ಮೆಚ್ಚಿಕೊಂಡರು. ದೊಡ್ಡ ಮಂದಿ ಹೊಗಳುವ ರೀತಿಯೇ ಬೇರೆ ಎಂದು ಅವರಿಗೆ ಅನ್ನಿಸಿರಬೇಕು. ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ, ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಹೆಂಡತಿಯ ಅಡಿಗೆಯನ್ನು ಮನಸಾರೆ ಹೊಗಳಿದರಂತೆ: "ಏನ್ ಎಣ್ಣಿಗಾಯಿ ಮಾಡೀಯ! ಹಳೇ ಚರ್ಮದ ವಾಸನಿ ಬರಾಕತ್ತೈತಿ ನೋಡು."

ಮರುದಿನ ಬೆಳಿಗ್ಗೆ ನನಗೆ ಬಸ್ ಸ್ಟ್ಯಾಂಡಿನಿಂದ ಅವರ ಫೋನು.

"ಸರ, ಕೊಪ್ಪಳಕ್ಕ ಬಂದೀನಿ. ಮನಿಯಾಗ ರೊಟ್ಟಿ ಅದಾವೇನ್ರಿ?"

ಬೆಳೆದವನ ತಪ್ಪು

ಗೌಡರು ಸಿಟ್ಟಿಗೇಳುವುದು ಅಪರೂಪ. ಒಂದು ಸಲ ಮಾತ್ರ ಒಂದು ಬಿಳಿ ವೈನಿನ ಮೇಲೆ ನಿಯಮ ಗಿಯಮ ಎಲ್ಲ ಮರೆತು ಹರಿಹಾಯ್ದರು. "ವೈನ್ ಮಾಡಿದವರ ತಪ್ಪಲ್ಲ ಇದು. ದ್ರಾಕ್ಷಿ ಬೆಳೆದಾಂವಗ ಬುದ್ಧಿ ಇಲ್ಲ. ಹಣ್ಣಾಗೂಕಿಂತ ಮೊದಲ ಕೊಯ್ದಾನ. ಏನ್ ಅವಸರ ಇತ್ತೋ ಮಳ್ಳಗ! ಇಂಥವರಿಂದನ ನಮ್ಮ ಕಡೆ ದ್ರಾಕ್ಷಿಗೆ ಕೆಟ್ಟ ಹೆಸರು."

ಸಾಹುಕಾರರ ಕೈಯಲ್ಲಿಯೂ ಅದೇ ಬಾಟಲಿ ಇತ್ತು. ಅವರು ಹಿಂದಿನ ಚೀಟಿಯ ಸಣ್ಣ ಅಕ್ಷರಗಳ ಫೋಟೋ ತೆಗೆದು ಹಾಕಿದರು. "ಗೌಡ್ರ, ಇದರಾಗ ದ್ರಾಕ್ಷಿ ಕುಷ್ಟಗೀದಂತ ಬರದಾರ. ಈ ಕಂಪನಿಗೆ ಕುಷ್ಟಗಿಯಿಂದ ಮಾಲು ಕೊಟ್ಟಾಂವ ನಾ ಒಬ್ಬನ ಅಂತ ಹೋದ ವರ್ಷ ಪೇಢೆ ಹಂಚಿದ್ರಲ್ಲ?"

ಗೌಡರು ಬರೆಯುತ್ತಿದ್ದಾರೆ ಎಂದು ಫೋನು ತೋರಿಸಿತು. ನಿಂತಿತು. ಮತ್ತೆ ಬರೆಯುತ್ತಿದ್ದಾರೆ. ಮತ್ತೆ ನಿಂತಿತು. ಕೊನೆಗೆ ಬಂತು:

"ಈಗ ಇನ್ನೊಂದು ಗುಟುಕು ತೊಗೊಂಡೆ. ಬೆಳೆದಾಂವ ಭಾಳ ಶ್ಯಾಣ್ಯಾ ಅದಾನ. ಕಂಪನಿಯವರ ಕೆಡಿಸ್ಯಾರ."

ಒಂದು ಗುಡಿಸು

ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ. ಗೆಳೆಯನ ಹೆಂಡತಿಯೂ ವೈನಿಯೇ. ಹಾಗಾಗಿ ನನ್ನ ಹೆಂಡತಿ ಇಡೀ ಗ್ರೂಪಿಗೆ ವೈನಿ. ವೈನ್‌ಗೂ ವೈನಿಗೂ ನಡುವೆ ಇರುವುದು ಒಂದು ಗುಡಿಸು ಮಾತ್ರ ಎಂಬುದು ಅಲ್ಲಿಯವರೆಗೆ ನಮಗ್ಯಾರಿಗೂ ಹೊಳೆದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಾಸ್ತರು ನಮ್ಮ ಮನೆಗೆ ಬಂದರು. ನಾನು ಹೊಸದೊಂದು ಅಗ್ಗದ ವೈನ್ ತಂದಿದ್ದೆ. ಅರ್ಧ ಲೋಟ ಕುಡಿದು ಮುಖ ಹಿಂಡಿದರು, ಏನೂ ಅನ್ನಲಿಲ್ಲ. ನನ್ನ ಹೆಂಡತಿ ಮಾಡಿದ ಉಪ್ಪಿಟ್ಟು ತಿಂದು ಸಂಜೆ ಬಸ್ಸಿಗೆ ಯಲಬುರ್ಗಾಕ್ಕೆ ಹೋದರು. ಮರುದಿನ ಗ್ರೂಪಿನಲ್ಲಿ ವಿಮರ್ಶೆ ಬಂತು. ವೈನ್ ಎಂದು ಬರೆಯಲು ಹೋದರೆ ಅವರ ಫೋನು ತಾನೇ ಮುಂದಾಗಿ ವೈನಿ ಎಂದು ಮಾಡಿಕೊಟ್ಟಿತ್ತು.

"ನಿನ್ನೆ ಸರ್ ಮನಿಯಾಗ ನೋಡಿದ ವೈನಿ. ಬಣ್ಣ ಛಲೋ ಐತಿ. ಆದ್ರ ಭಾಳ ಹುಳಿ, ಭಾಳ ಒರಟು. ಸರ್ ಹೆಂಗ ಹೊಂದ್ಕೊಂಡಾರೋ ದೇವರಿಗೇ ಗೊತ್ತು. ಲಗೂನ ಬದಲಿ ಮಾಡೂದು ಛಲೋ."

ಗೌಡರು ತಡೆಯಲು ನೋಡಿದರು: "ಮಾಸ್ತರ್ರ, ಅರಾಮ ಅದೀರಿಲ್ಲೋ? ಏನ್ ಬರದೀರಿ ನೋಡ್ರಿ ಒಮ್ಮೆ."

ಗೌಡರು ಅಗ್ಗದ ವೈನಿನ ಪರ ವಕಾಲತ್ತು ಮಾಡುತ್ತಿದ್ದಾರೆ ಎಂದು ಮಾಸ್ತರು ತಿಳಿದರು. "ಇದ್ದದ್ದು ಇದ್ದಂಗ ಬರದೀನಿ. ಸರ್ ಎದುರಿಗೆ ಹೇಳಾಕ ಸಂಕೋಚ ಆತು, ಅದಕ್ಕ ಇಲ್ಲಿ ಹೇಳೀನಿ. ಒಂದು ಮಾತೂ ಹಿಂದ ತೊಗೊಳ್ಳೂದಿಲ್ಲ."

ಫೋನು ನನ್ನ ಹೆಂಡತಿಯ ಕೈಯಲ್ಲಿತ್ತು. ಆಕೆ ಓದಿದಳು. ಇನ್ನೊಮ್ಮೆ ಓದಿದಳು. ನಾನು ಏನೋ ಹೇಳಲು ಬಾಯಿ ತೆರೆದೆ, ಆಕೆ ನೋಡಿದ ರೀತಿಗೆ ಮುಚ್ಚಿದೆ. ಒಂದೊಂದೇ ಅಕ್ಷರ ಹುಡುಕಿ ಬರೆದಳು:

"ಮಾಸ್ತರ್ರ, ಮೂರು ಸಲ ಉಪ್ಪಿಟ್ಟು ಹಾಕಿಸ್ಕೊಂಡ್ರಿ. ಆವಾಗ ಹುಳಿ ಅನಸಲಿಲ್ಲೇನ್ರಿ? ಇಂತಿ, ವೈನಿ."

ಆಗ ಮಾಸ್ತರು ತಾವು ಬರೆದದ್ದನ್ನು ಓದಿದರು. ಓದಿದರು ಎಂದು ನಮಗೆ ಗೊತ್ತಾದದ್ದು ಅವರ ಫೋನು ಸ್ವಿಚ್ ಆಫ್ ಆದದ್ದರಿಂದ. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ಮನುಷ್ಯ! ನನಗೆ ಸಂಕಟವಾಯಿತು. ನಗು ಬಂದರೂ ಮನೆಯಲ್ಲಿ ನಗುವಂತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಮಾಸ್ತರು ಹೆಂಡತಿಯನ್ನು ಕರೆದುಕೊಂಡು ಬಂದರು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಹೊಸ್ತಿಲಾಚೆಯೇ ನಿಂತು ಕೈಮುಗಿದರು. "ವೈನಿ, ತಪ್ಪಾತ್ರಿ. ಅದು ನೀವಲ್ಲರಿ. ಬಾಟಲಿಯೊಳಗಿಂದು. ಫೋನ್ ಹಾಳಾಗಿ ಹೋಗ್ಲಿ."

"ಒಳಗ ಬರ್ರಿ ಮೊದಲ," ಅಂದಳು ನನ್ನ ಹೆಂಡತಿ. ಮುಖದಲ್ಲಿ ನಗುವಿಲ್ಲ. ಒಳಗೆ ಹೋಗಿ ಎಲ್ಲರಿಗೂ ಚಾ ತಂದು ಇಟ್ಟಳು. ಸೆರಗು ಸರಿಮಾಡಿಕೊಂಡು ಮಾಸ್ತರ ಎದುರಿಗೇ ಕೂತಳು.

"ಹೆಂಗಾಗೇತ್ರಿ ಚಾ?"

ಮಾಸ್ತರು ಬೆನ್ನು ನೆಟ್ಟಗೆ ಮಾಡಿ ಕೂತರು. "ಭಾಳ ಛಲೋ ಆಗೇತ್ರಿ ವೈನಿ. ಸಕ್ಕರಿ ಬರೋಬ್ಬರಿ, ಯಾಲಕ್ಕಿ ಘಮಾ ಘಮಾ. ಇಂಥಾ ಚಾ ಯಲಬುರ್ಗಾದಾಗ ಎಲ್ಲೂ ಸಿಗಂಗಿಲ್ಲ."

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಮೆಲ್ಲಗೆ ಅಂದರು:

"ಕಪ್ಪು ಇನ್ನೂ ಎತ್ತಿಲ್ಲರಿ ನೀವು."