ಭೀಮೆಯ ದಂಡೆಯಲ್ಲಿ ಸಮುದ್ರದ ಗಾಳ

ಐವತ್ತು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ. ನಮ್ಮ ಎದುರುಮನೆಯವರು ಪಾರಿವಾಳ ಸಾಕಿದರು. ನನ್ನ ಭಾವ ಹಾರ್ಮೋನಿಯಂ ಕೊಂಡು ಇಡೀ ಓಣಿಯ ನಿದ್ದೆ ಕೆಡಿಸಿದರು. ಜೇವರ್ಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಯಜಮಾನರಿಗೂ ಅಂಥದ್ದೇನಾದರೂ ಬರಲಿ, ಭಾನುವಾರವಾದರೂ ನನ್ನ ಪಲ್ಯದಲ್ಲಿ ಉಪ್ಪು ಹುಡುಕುವುದು ನಿಂತೀತು ಎಂದು ನಾನು ಕಾಯುತ್ತಲೇ ಇದ್ದೆ. ಬಂದದ್ದು ಮೀನು ಹಿಡಿಯುವ ಹುಚ್ಚು. ನಮ್ಮದೋ, ಲಿಂಗ ಕಟ್ಟಿಕೊಂಡವರ ಮನೆ. ಕೋಳಿ ತತ್ತಿ ತಂದ ಚೀಲವನ್ನೂ ಹೊಸ್ತಿಲ ಒಳಗೆ ಬಿಟ್ಟವರಲ್ಲ.

"ತಿನ್ನಾಕ ಅಲ್ಲ. ಹಿಡಿಯೂದು, ತಿರುಗಿ ನೀರಿಗೆ ಬಿಡೂದು. ಇದೊಂದು ಆಟ" ಎಂದರು.

"ಆಟ ಅಂತ ಮೀನಿಗೆ ಗೊತ್ತದ ಏನ್ರಿ?" ಎಂದು ಕೇಳಿದೆ. ಮರುವಾರವೇ ಗಾಳದ ಕೋಲು ಬಂತು.

ಬಟ್ಟೆ ವ್ಯಾಪಾರಿಯಲ್ಲವೇ, ಅಳತೆಯಲ್ಲಿ ಕಡಿಮೆಯದನ್ನು ಅವರು ಕೊಳ್ಳುವುದಿಲ್ಲ. ಫೋನಿನಲ್ಲಿ ಕಂಡದ್ದರಲ್ಲೆಲ್ಲ ಉದ್ದನೆಯದನ್ನು ತರಿಸಿದ್ದರು. ಸಮುದ್ರದ ದಂಡೆಯಲ್ಲಿ ನಿಂತು ಬೀಸುವ ಕೋಲಂತೆ. ಜೋಡಿಸಿ ಮಲಗಿಸಿದರೆ ಬುಡ ಪಡಸಾಲೆಯಲ್ಲಿ, ತುದಿ ದೇವರಮನೆಯಲ್ಲಿ. ಅದಕ್ಕೊಂದು ಗಿರಣಿಯ ಗಾಲಿಯಂಥ ರೀಲು, ಎಮ್ಮೆ ಕಟ್ಟಬಹುದಾದಷ್ಟು ದಪ್ಪ ದಾರ. ಜೊತೆಗೆ ಪುಕ್ಕಟೆಯಾಗಿ ಬಂದ ಇನ್ನೊಂದು ಸಣ್ಣ ಕೋಲೂ ಇತ್ತು. "ಅದು ಹುಡುಗರ ಆಟಗಿ" ಎಂದು ಬಾಗಿಲ ಹಿಂದೆ ನಿಲ್ಲಿಸಿದರು.

ಎಸೆತದ ಅಭ್ಯಾಸ ಮಾಳಿಗೆಯ ಮೇಲೆ ಶುರುವಾಯಿತು. ಬೆರಳಿನಿಂದ ದಾರ ಹಿಡಿದು, ಕೋಲನ್ನು ಭುಜದ ಹಿಂದಕ್ಕೆ ಒಯ್ದು, ಮುಂದಕ್ಕೆ ಬೀಸಿ, ಕೋಲು ತಲೆ ದಾಟುವಾಗ ಬೆರಳು ಬಿಡಬೇಕು. ಕೇಳಲು ಇಷ್ಟೇ. ಯಜಮಾನರು ತಡವಾಗಿ ಬಿಟ್ಟರೆ ದಾರದ ತುದಿಯ ಸೀಸದ ಗುಂಡು ಅವರ ಕಾಲಬಳಿಯೇ ಟಪ್ ಎನ್ನುತ್ತಿತ್ತು. ಬೇಗ ಬಿಟ್ಟರೆ ಆಕಾಶಕ್ಕೆ ಹೋಗುತ್ತಿತ್ತು. ಅದು ಇಳಿಯುವ ತನಕ ನಾವಿಬ್ಬರೂ ಮೆಟ್ಟಿಲ ಕೆಳಗೆ. ಒಮ್ಮೆ ಪಕ್ಕದ ಮನೆಯ ಶಾಂತಕ್ಕ ಒಣಹಾಕಿದ್ದ ಸಂಡಿಗೆಯ ನಡುವೆ ಬಿತ್ತು. ಅವರು ಗೋಡೆಯಾಚೆಯಿಂದಲೇ, "ನಿಮ್ಮ ಮಾಳಗಿ ಮ್ಯಾಲಿಂದ ಗುಂಡು ಬರಾಕತ್ತಾವಲ್ರಿ, ಯಾರ ಜೋಡಿ ಲಡಾಯಿ?" ಎಂದರು.

ಊರವರ ತಲೆ ಉಳಿಯಲೆಂದು ನಾನೇ ಅವರನ್ನು ಹೊಳೆಗೆ ಹೊರಡಿಸಿದೆ, ಜೊತೆಗೆ ನಾನೂ ಹೋದೆ. ಏನೋ ತೋಚಿ ಸಣ್ಣ ಕೋಲನ್ನೂ ಗಾಡಿಗೆ ಹಾಕಿಕೊಂಡೆ. ಎರೆಹುಳ ಮುಟ್ಟಲು ಅವರಿಗೆ ಮನಸ್ಸಾಗದ್ದರಿಂದ ನನ್ನ ಜೋಳದ ಹಿಟ್ಟಿಗೇ ಅರಿಷಿಣ ಕಲಸಿ ಉಂಡೆ ಕಟ್ಟಿದ್ದರು. ಭೀಮೆಯ ದಂಡೆಯಲ್ಲಿ ಅವರು ಮೊದಲ ಸಲ ಬೀಸಿದಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬುಟ್ಟಿ ಎತ್ತಿಕೊಂಡು ದೂರ ಹೋದರು. ಉಂಡೆ ಮಾತ್ರ ಅಷ್ಟು ದೂರವೂ ಹೋಗಲಿಲ್ಲ. ತಪ್ಪು ಗಾಳಿಯದಾಯಿತು, ದಾರದ್ದಾಯಿತು, ಕೊನೆಗೆ ನನ್ನದಾಯಿತು. "ನೀ ನೋಡಕೋತ ನಿಂತರ ನನ್ನ ಕೈ ನಡಗ್ತದ."

ನೋಡುವುದನ್ನು ಬಿಟ್ಟು ನಾನು ಸಣ್ಣ ಕೋಲು ತೆಗೆದುಕೊಂಡೆ, ಬೀಸಿದೆ. ಸುಂಯ್ ಎಂದು ಹೋದ ಉಂಡೆ ನಡುಹೊಳೆಯಲ್ಲಿ ಬಿತ್ತು.

ಯಜಮಾನರು ತಮ್ಮ ಕೋಲನ್ನು ಕೆಳಗಿಟ್ಟರು. "ಇನ್ನೊಮ್ಮೆ ಒಗಿ" ಎಂದರು. ಇನ್ನೊಮ್ಮೆಯೂ ಅಷ್ಟೇ ದೂರ. "ಹೆಂಗ ಮಾಡ್ದಿ?"

ಹೇಗೆಂಬುದು ನನಗೆ ಆಗಲೇ ಹೊಳೆದಿತ್ತು. ಆ ಸಮುದ್ರದ ಕೋಲು ಬಾಗಿ ಚಿಮ್ಮಬೇಕಾದರೆ ಮುಷ್ಟಿಯಷ್ಟು ಸೀಸ ಬೇಕು, ಅವರು ಕಟ್ಟಿದ್ದು ಹುಣಸೆಬೀಜದಷ್ಟು. ನನ್ನದು ಹಗುರ ಕೋಲು, ತೆಳು ದಾರ. ಯಾರು ಬೀಸಿದರೂ ಹೋಗುತ್ತಿತ್ತು. ಒಳ್ಳೆಯ ಹೆಂಡತಿಯಾದವಳು ಅದನ್ನು ಹೇಳಬೇಕು.

"ರೊಟ್ಟಿ ಬಡದ ಕೈರಿ ಇದು" ಎಂದೆ.

ಅಂದಿನಿಂದ ಪ್ರತಿ ಭಾನುವಾರ ನಾನು ಗುರು, ಅವರು ಶಿಷ್ಯ. "ಭುಜ ಸಡ್ಲ ಬಿಡ್ರಿ. ಜಬರ್ದಸ್ತಿ ಮಾಡಬ್ಯಾಡ್ರಿ. ಮಣಿಕಟ್ಟು ಅಷ್ಟ ತಿರುಗಸ್ರಿ" ಎನ್ನುತ್ತಿದ್ದೆ. ಅವರು ತಲೆದೂಗಿ ಹಾಗೇ ಮಾಡುತ್ತಿದ್ದರು. ಮದುವೆಯಾದಾಗಿನಿಂದ ನನ್ನ ಮಾತನ್ನು ಅವರು ಇಷ್ಟು ಲಕ್ಷ್ಯಗೊಟ್ಟು ಕೇಳಿದ್ದಿಲ್ಲ. ಇಂಥ ಸುಖವನ್ನು ಕೋಲಿನ ಅಳತೆ ಹೇಳಿ ಯಾರಾದರೂ ಕಳೆದುಕೊಳ್ಳುತ್ತಾರೆಯೇ?

ಹೋದ ಭಾನುವಾರ ನನ್ನ ಕೋಲು ಕೈಯಲ್ಲೇ ಕುಣಿಯಿತು. ಕಿರುಚಿಕೊಂಡೇ ರೀಲು ಸುತ್ತಿದೆ. ಬಂದದ್ದು ಅಂಗೈಯಷ್ಟುದ್ದದ ಬೆಳ್ಳನೆಯ ಮೀನು. ಯಜಮಾನರು ನಾಜೂಕಾಗಿ ಗಾಳ ಬಿಡಿಸಿ ನೀರಿಗೆ ಬಾಗಿದರು. ಮೊದಲು ಮೀನಿನ ಪರವಾಗಿ ಮಾತಾಡಿದ್ದ ನಾನೇ, "ತಡೀರಿ, ಮೊದಲ ಒಂದು ಫೋಟೋ!" ಎಂದು ಕೂಗಿದೆ.

ನಾನು ಮೀನು ಹಿಡಿದು ನಿಂತ ಆ ಫೋಟೋವನ್ನು ತಂಗಿಗೆ ಮಾತ್ರ ಕಳಿಸಿದೆ. ತಂಗಿ ಅದನ್ನು ಇಡೀ ಬಳಗಕ್ಕೆ ಕಳಿಸಿದಳು. ಮೀನು ನೀರಿಗಿಳಿದು ಇನ್ನೂ ನನ್ನ ಕೈ ಒಣಗಿರಲಿಲ್ಲ, ತವರೂರು ಜಿಡಗಾದಿಂದ ಅವ್ವನ ಫೋನು. ದಿನಾ ಮಠಕ್ಕೆ ಹೋಗಿಬಂದೇ ತುತ್ತು ಮುಟ್ಟುವವಳು. ಬೈಗುಳಕ್ಕೆ ಸಿದ್ಧಳಾಗಿ ಎತ್ತಿದೆ.

"ಬಿಟ್ಟೀ ಇಲ್ಲೋ ಅದನ್ನ?"

"ಬಿಟ್ಟೀವಿ ಬೇ."

ಅವ್ವ ಉಸಿರು ಬಿಟ್ಟಳು. ಆಮೇಲೆ ದನಿ ತಗ್ಗಿಸಿ, "ಎಷ್ಟು ದೊಡ್ಡದಿತ್ತ?" ಎಂದು ಕೇಳಿದಳು.

ಫೋನಿನಲ್ಲಿ ಕಾಣುವುದಿಲ್ಲವೆಂಬುದನ್ನು ಮರೆತು ನಾನು ಕೈ ಅಗಲಿಸಿ, "ಮೊಳಕೈ ತನ ಇತ್ತ ಬೇ" ಎನ್ನುತ್ತಿರುವಾಗ ಹಿಂದಿನಿಂದ ಸುಂಯ್ ಎಂದು ಕೇಳಿಸಿತು. ನಾನು ಕೆಳಗಿಟ್ಟಿದ್ದ ಸಣ್ಣ ಕೋಲನ್ನು ಯಜಮಾನರು ಬೀಸಿದ್ದರು. ಉಂಡೆ ನಡುಹೊಳೆಯನ್ನೂ ದಾಟಿ ಬಿತ್ತು. ಅವರು ಕೋಲನ್ನು ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಆತು, ಇಡ್ತೀನಿ ಮತ್ತ" ಎಂದಳು ಅವ್ವ.

"ಇಡಬ್ಯಾಡ ಬೇ, ಅವ್ವಾ, ಏನರೆ ಮಾತಾಡು" ಎಂದೆ.