ಕಾಂಪೌಂಡರಿಗೆ ಹೆಂಡತಿ ಹಾಕಿದ ಮಾರ್ಕು

ಕಾಂಪೌಂಡರಿಗೆ ಮೂರು ಕಾಯಿಲೆಗಳಿದ್ದವು. ಎಡಗಿವಿ ಕೇಳುತ್ತಿರಲಿಲ್ಲ, ಸೊಂಟ ಬಗ್ಗುತ್ತಿರಲಿಲ್ಲ, ಸ್ಟವ್ ಹತ್ತಿರ ಹೋದರೆ ತಲೆ ಸುತ್ತುತ್ತಿತ್ತು. ಸಂಜೆ ಮನೆಯ ಗೇಟು ದಾಟಿ ಒಳಗೆ ಬಂದ ಕೂಡಲೇ ಮೂರೂ ಶುರುವಾಗುತ್ತಿದ್ದವು. ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಟು ಗೇಟು ಹಾಕಿಕೊಂಡ ಕೂಡಲೇ ಮೂರೂ ವಾಸಿಯಾಗುತ್ತಿದ್ದವು. ಇಪ್ಪತ್ತೆರಡು ವರ್ಷ ಔಷಧಿ ಕೊಟ್ಟು, ಗಾಯ ಕಟ್ಟಿ, ಸೂಜಿ ಚುಚ್ಚಿದ ಮನುಷ್ಯ. ಯಾವ ಕಾಯಿಲೆಗೆ ಔಷಧಿಯಿಲ್ಲ ಎಂಬುದು ಅವರಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. (ಇಲ್ಲದ ಕಾಯಿಲೆಗೆ ಯಾವ ಔಷಧಿಯೂ ಇಲ್ಲ, ಸ್ವಾಮಿ.)

ಕಾಯಿಲೆಗಳಿಂದ ಅನುಕೂಲ ಒಂದೆರಡಲ್ಲ. ಎಡಗಿವಿಯನ್ನು ಅಡುಗೆಮನೆ ಕಡೆ ಇಟ್ಟು ಕೂತರೆ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೆಮ್ಮದಿಯಾಗಿ ಓದಬಹುದಿತ್ತು. ಸೊಂಟದ ದೆಸೆಯಿಂದ ಪೊರಕೆ ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ತಲೆ ಸುತ್ತುವುದರಿಂದ ಟೀ ತಾನಾಗಿಯೇ ಕೈಗೆ ಬರುತ್ತಿತ್ತು. ಹೆಂಡತಿ ಪಾಪ, ನಂಬಿದ್ದಳು. "ಊರಿನ ರೋಗವೆಲ್ಲ ನೋಡಿ ನೋಡಿ ನಿಮಗೇ ಅಂಟ್ಕೊಂತಲ್ಲ" ಎಂದು ಮರುಗುತ್ತಿದ್ದಳು. ಕ್ಲಿನಿಕ್ಕಿನ ಕಡೆ ಆಕೆ ಒಂದು ದಿನವೂ ತಲೆ ಹಾಕಿರಲಿಲ್ಲ. "ನೀನು ಅಲ್ಲಿಗೆ ಬರಬೇಡ ಕಣೇ, ಇಲ್ಲದ ರೋಗ ಹತ್ತಿಸ್ಕೊಂಡು ಹೋಗ್ತೀಯ, ಬೇಕಾದ ಮಾತ್ರೆ ನಾನೇ ತಂದು ಕೊಡ್ತೀನಿ" ಎಂದು ಕಾಂಪೌಂಡರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಅಪ್ಪಣೆ ಕೊಡಿಸಿದ್ದರು.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಬಡಾವಣೆಯ ಸಂಘಕ್ಕೆ ಒಂದು ಬುದ್ಧಿ ಬಂತು. ಕ್ಲಿನಿಕ್ ಇದ್ದದ್ದು ಸಂಘದ ಕಟ್ಟಡದಲ್ಲಿ. ಕರಾರು ಮುಗಿಯುತ್ತ ಬಂದಿತ್ತು. ಸಂಘದ ಅರ್ಧ ಜನಕ್ಕೆ ಆ ಜಾಗದಲ್ಲಿ ಕೇರಂ ಆಡುವ ಆಸೆ. ಉಳಿದರ್ಧಕ್ಕೆ ಕೆಮ್ಮು, ಮಂಡಿನೋವು, ಹಾಗಾಗಿ ಕ್ಲಿನಿಕ್ಕೇ ಇರಲಿ ಎಂಬ ಆಸೆ. ಮೂರು ಸಭೆ ಜಗಳವಾಡಿದ ಮೇಲೆ ಅಧ್ಯಕ್ಷರು ಒಂದು ದಾರಿ ಕಂಡುಹಿಡಿದರು. ಸಂಘದ ಪರವಾಗಿ ಒಬ್ಬರು ಇಡೀ ದಿನ ಕ್ಲಿನಿಕ್ಕಿನಲ್ಲಿ ಕೂತು, ಆರೈಕೆ ಹೇಗಿದೆಯೆಂದು ಹತ್ತು ವಿಷಯಗಳಲ್ಲಿ ಹತ್ತತ್ತು ಅಂಕ ಹಾಕಬೇಕು. ಎಪ್ಪತ್ತೈದು ಬಂದರೆ ಕ್ಲಿನಿಕ್, ಒಂದು ಕಡಿಮೆಯಾದರೂ ಕೇರಂ.

ಕಾಂಪೌಂಡರಿಗೆ ನಿದ್ದೆ ಹಾರಿಹೋಯಿತು. ಇಲ್ಲಿ ಜಾಗ ಹೋದರೆ ಡಾಕ್ಟರಮ್ಮ ಊರಾಚೆ ತಮ್ಮ ಅಣ್ಣನ ಆಸ್ಪತ್ರೆಗೆ ಸೇರಿಕೊಳ್ಳುತ್ತಾರೆ. ಅಲ್ಲಿ ಕಾಂಪೌಂಡರುಗಳು ಈಗಾಗಲೇ ಬೇಕಾದಷ್ಟಿದ್ದಾರೆ. ಐವತ್ತನಾಲ್ಕು ತುಂಬಿದವರಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಆ ಬೆಂಚು, ಆ ಬಾಟಲಿಗಳು, ಸರದಿಯಲ್ಲಿ ಕೂತು ಗೊಣಗುವ ಆ ಜನ ಇಲ್ಲದೆ ತಾನು ಬೆಳಗಾದರೆ ಎಲ್ಲಿಗೆ ಹೋಗಬೇಕು ಎಂದು ನೆನೆದು ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಯಾರನ್ನ ಕೂರಿಸ್ತಾರಂತೆ?" ಎಂದು ಊಟಕ್ಕೆ ಕೂತಾಗ ಕೇಳಿದರು.

"ನನ್ನನ್ನ" ಎಂದಳು ಹೆಂಡತಿ, ಬಲಗಿವಿಯ ಕಡೆಗೆ ಬಂದು.

ಕಾಂಪೌಂಡರು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಹಾಕಿದರು.

"ನಿನ್ನನ್ನಾ? ನನ್ನ ಹೆಂಡತಿನಾ? ಅದು ಹೇಗಾಗುತ್ತೆ? ಜನ ಏನಂತಾರೆ?"

"ಅದೇ ಮಾತು ನಾನೂ ಅಂದೆ. ಅದಕ್ಕೆ ಅಧ್ಯಕ್ಷರು, 'ಗಂಡನ ತಪ್ಪು ಹುಡುಕೋದ್ರಲ್ಲಿ ಹೆಂಡತಿಯನ್ನ ಮೀರಿಸಿದ ಪರೀಕ್ಷಕರು ಇನ್ನೆಲ್ಲಿ ಸಿಗ್ತಾರಮ್ಮ, ನಿಮ್ಮ ಮೇಲೆ ಎರಡೂ ಪಾರ್ಟಿಗೂ ನಂಬಿಕೆ ಇದೆ' ಅಂದ್ರು. ಕೇರಂನವರೇ ಮೊದಲು ಕೈ ಎತ್ತಿದ್ದು."

"ದಿನವಿಡೀ ಬೆಂಚಿನ ಮೇಲೆ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ ಕಣೇ."

"ನಿಮ್ಮ ಸೊಂಟ ಅಲ್ವಲ್ಲ, ನಂದು. ತಡ್ಕೊಳ್ಳುತ್ತೆ ಬಿಡಿ."

ಕಾಂಪೌಂಡರು ಮಲಗಿ ಸೂರು ನೋಡುತ್ತ ಲೆಕ್ಕ ಹಾಕಿದರು. ಚೆನ್ನಾಗಿ ಕೆಲಸ ಮಾಡಿದರೆ ಮೂರು ಕಾಯಿಲೆಗಳ ಬಣ್ಣ ಬಯಲು. ಕಾಯಿಲೆ ಕಾಪಾಡಿಕೊಂಡರೆ ಕೆಲಸಕ್ಕೆ ಸಂಚಕಾರ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅಲ್ಲಿಗೆ ಬಂದು ನಿಂತಿದ್ದರು.

ಮರುದಿನ ಇಬ್ಬರೂ ಜೊತೆಯಲ್ಲೇ ಹೊರಟರು. ಗೇಟು ದಾಟಿದ ಕೂಡಲೇ ವಾಸಿಯಾಗುವ ಸೌಲಭ್ಯ ಅವತ್ತು ಸಿಗಲಿಲ್ಲ. ಹೆಂಡತಿ ಅವರ ಬಲಗಡೆಗೇ ನಡೆಯುತ್ತಿದ್ದಳು. ಕೈಯಲ್ಲಿ ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿದ ಪಟ್ಟಿ, ಪೆನ್ಸಿಲ್, ರಬ್ಬರ್. ಕ್ಲಿನಿಕ್ಕಿನಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಕಸ ಗುಡಿಸುವ ಆಯಮ್ಮ ಮಗಳ ಹೆರಿಗೆಗೆಂದು ರಜೆ ಹಾಕಿದ್ದಳು. ಕಾಂಪೌಂಡರು ನೆಲದ ಕಡೆ ಕಣ್ಣು ಹಾಯಿಸದೆ ಶೂರರಂತೆ ಕೌಂಟರಿನ ಹಿಂದೆ ಹೋಗಿ ನಿಂತರು.

"ನೆಲದ ಸ್ವಚ್ಛತೆ" ಎಂದು ಬೆಂಚಿನಿಂದ ಒಂದು ದನಿ ಕೇಳಿಸಿತು. "ಹತ್ತಿ ಉಂಡೆ ಎರಡು, ಮಾತ್ರೆ ಕವರು ಐದು. ಹತ್ತಕ್ಕೆ ಆರು."

ಮೊದಲ ರೋಗಿ ಮಂಡಿಯಜ್ಜಿ. ಆಕೆಯ ನಿಜವಾದ ಹೆಸರು ಚೀಟಿಯಲ್ಲಿ ಮಾತ್ರ ಇತ್ತು; ಇಪ್ಪತ್ತು ವರ್ಷದಿಂದ ಮಂಡಿನೋವೆಂದು ಬಂದು ಬಂದು ಈ ಹೆಸರೇ ಗಟ್ಟಿಯಾಗಿತ್ತು. ಅವತ್ತು ತೊಂದರೆ ಮಂಡಿಯದಾಗಿರಲಿಲ್ಲ. ಅಜ್ಜಿ ಸರಿದು ಬಂದು, ಎಂದಿನಂತೆ ಕಾಂಪೌಂಡರ ಎಡಗಿವಿಯಲ್ಲಿ ಏನೋ ಪಿಸುಗುಟ್ಟಿದಳು.

ಕಾಂಪೌಂಡರು ಓರೆಗಣ್ಣಿನಲ್ಲಿ ಬೆಂಚಿನ ಕಡೆ ನೋಡಿ, "ಆಂ? ಕೇಳಿಸ್ಲಿಲ್ಲಜ್ಜಿ. ಸ್ವಲ್ಪ ಜೋರಾಗಿ ಹೇಳಿ" ಎಂದರು.

"ಮೂರು ದಿನದಿಂದ ಹೊಟ್ಟೆ ಕಟ್ಕೊಂಡಿದೆ ಅಂದೆ ಕಣೋ" ಎಂದು ಅಜ್ಜಿ ರಸ್ತೆಯವರೆಗೂ ಕೇಳುವಂತೆ ಹೇಳಿದಳು. ಕೂತಿದ್ದ ಹನ್ನೊಂದು ಜನ ತಲೆಯೆತ್ತಿದರು. ಅಜ್ಜಿ ಮುಖ ಕೆಂಪಾಗಿಸಿಕೊಂಡು, "ನಿನ್ನೆವರೆಗೂ ಕೇಳ್ತಿತ್ತಲ್ಲ ನಿಂಗೆ, ಇವತ್ತೇನು ಬಂತು ದೊಡ್ಡ ರೋಗ?" ಎಂದಳು.

"ರೋಗಿಯ ಗುಟ್ಟು ಕಾಪಾಡುವುದು" ಎಂದಿತು ಬೆಂಚು. "ಹತ್ತಕ್ಕೆ ನಾಲ್ಕು."

ಆಮೇಲೆ ಬಂದವನು ಕಾಲಿನ ಹೆಬ್ಬೆರಳು ಕುಯ್ದುಕೊಂಡಿದ್ದ ಬಸ್ ಕಂಡಕ್ಟರ್. ಕಾಂಪೌಂಡರು ಬಗ್ಗುವ ಬದಲು, "ಕಾಲು ಎತ್ತಿ ಈ ಮೇಜಿನ ಮೇಲಿಡಪ್ಪ" ಎಂದರು. ಕಂಡಕ್ಟರ್ ಒಂಟಿಕಾಲಲ್ಲಿ ತೂಗಾಡುತ್ತ ಕಾಲನ್ನು ಔಷಧಿ ಬಾಟಲಿಗಳ ನಡುವೆ ಇಟ್ಟ.

"ಇದೇನ್ ಸಾರ್ ಹೊಸ ಪದ್ಧತಿ? ಮೊನ್ನೆ ನೀವೇ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಟ್ಟಿದ್ರಿ. ಬಸ್ಸಲ್ಲೂ ಇಷ್ಟು ತೂಗಾಡಲ್ಲ ನಾನು."

"ಗಾಯದ ಆರೈಕೆ. ಔಷಧಿ ಪಕ್ಕದಲ್ಲಿ ಕಾಲು. ಹತ್ತಕ್ಕೆ ನಾಲ್ಕು."

ಕಾಂಪೌಂಡರು ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದರು. ಇನ್ನೂ ಒಂಬತ್ತೂವರೆ ಆಗಿಲ್ಲ, ಆಗಲೇ ಹದಿನಾರು ಅಂಕ ಮಾಯ. ಇನ್ನು ಹತ್ತು ಹೋದರೆ ಈ ಮೇಜಿನ ಜಾಗಕ್ಕೆ ಕೇರಂ ಬೋರ್ಡು ಬರುತ್ತದೆ. ಅದೂ ಹೋಗಲಿ, ಬ್ಯಾಂಡೇಜು ನೋಡಿದರು, ಸೊಟ್ಟಗೆ ಬಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ಒಂದು ಬ್ಯಾಂಡೇಜೂ ಸೊಟ್ಟಗಾದದ್ದಿಲ್ಲ. ಅದನ್ನು ಸಹಿಸಲು ಅವರಿಂದಾಗಲಿಲ್ಲ. ಹಾಳಾಗಿ ಹೋಗಲಿ ಸೊಂಟ ಎಂದುಕೊಂಡರು.

"ಕಾಲು ಇಳಿಸಪ್ಪ" ಎಂದವರೇ ಪಟಕ್ಕನೆ ಕೆಳಗೆ ಕೂತರು. ಬಿಚ್ಚಿದರು, ತೊಳೆದರು, ಮತ್ತೆ ಕಟ್ಟಿದರು. ಎದ್ದರು. ಮೇಜು ಒರೆಸಲು ಬಗ್ಗಿದರು, ಬಿದ್ದ ಹತ್ತಿ ಆಯಲು ಇನ್ನೊಮ್ಮೆ ಬಗ್ಗಿದರು. ಅಷ್ಟರಲ್ಲಿ ಪೊರಕೆ ಹೇಗೋ ಕೈಗೆ ಬಂದಿತ್ತು. ಬೆಂಚಿನ ಅಡಿ, ಬೀರುವಿನ ಸಂದಿ, ಬಾಗಿಲ ಮೂಲೆ ಎಲ್ಲ ಗುಡಿಸಿದರು. "ಸ್ವಲ್ಪ ಕಾಲೆತ್ತಿ" ಎಂದು ಹೆಂಡತಿಗೂ ಹೇಳಿ, ಅವಳ ಕಾಲಡಿಯನ್ನೂ ಗುಡಿಸಿದರು. ಹೆಂಡತಿ ಎರಡು ಕಾಲನ್ನೂ ಮೇಲಕ್ಕೆತ್ತಿಕೊಂಡು, ಕಣ್ಣು ಬಿಟ್ಟುಕೊಂಡು, ಅವರ ಸೊಂಟವನ್ನೇ ನೋಡುತ್ತಿದ್ದಳು. ರಬ್ಬರಿನ ಸದ್ದು ಮಾತ್ರ ಕೇಳುತ್ತಿತ್ತು.

ಒಂದು ಹೋದ ಮೇಲೆ ಎರಡನೆಯದಕ್ಕೆ ಅಂಜಿಕೆ ಯಾಕೆ? ಕಾಂಪೌಂಡರು ನೇರವಾಗಿ ಅಜ್ಜಿಯ ಬಳಿ ಹೋಗಿ, ಎಡಗಿವಿ ಒಡ್ಡಿ ಕೂತರು. ಅಜ್ಜಿ ಹೊಟ್ಟೆ, ಮಂಡಿ, ಸೊಸೆ, ಸೊಸೆಯ ತಾಯಿ ಎಲ್ಲರ ವಿಚಾರವನ್ನೂ ಅದರೊಳಗೆ ಹದಿನೈದು ನಿಮಿಷ ಸುರಿದಳು. ಕಾಂಪೌಂಡರು ಒಂದು ಸಲವೂ ಆಕಳಿಸಲಿಲ್ಲ. "ಹೌದಾ, ಆಮೇಲೆ ಏನಾಯ್ತು?" ಎಂದು ಬೇರೆ ಕೇಳಿದರು. ಆ ಮಾತನ್ನು ಅವರ ಹೆಂಡತಿ ಮನೆಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ ಆ ದೇವರಿಗೇ ಗೊತ್ತು.

ಅಜ್ಜಿಗೆ ಕಣ್ಣು ಮಂಜು. ಮಾತ್ರೆ ತೆಗೆದುಕೊಂಡು ಬಂದು ಬೆಂಚಿನ ಮೇಲೆ ಕೂತು, ಪಕ್ಕದಲ್ಲಿದ್ದವಳು ಯಾರೆಂದು ತಿಳಿಯದೆ ತೊಡೆ ತಟ್ಟಿದಳು. "ಇವನ ಹೆಂಡತಿ ಯಾರೋ ಪುಣ್ಯ ಮಾಡಿರಬೇಕು ಕಣಮ್ಮ. ಹೊರಗಿನವರನ್ನೇ ಇಷ್ಟು ನೋಡ್ಕೊಳ್ಳೋನು ಅವಳನ್ನ ಕೂರಿಸಿ ನೋಡ್ಕೋತಾನೋ ಏನೋ."

"ಕೂರಿಸಲ್ಲ ಅಜ್ಜಿ, ನಿಲ್ಲಿಸಿ ನೋಡ್ಕೋತಾರೆ" ಎಂದಳು ಹೆಂಡತಿ. "ಸ್ಟವ್ ಮುಂದೆ."

ಕಾಂಪೌಂಡರು ಒರೆಸಿಟ್ಟ ಬಾಟಲಿಯನ್ನೇ ಮತ್ತೆ ಒರೆಸತೊಡಗಿದರು. ಇನ್ನೊಂದು ಕಾಯಿಲೆಯಾದರೂ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಡಾಕ್ಟರಮ್ಮನ ದನಿ ಬಂತು.

"ಕಾಂಪೌಂಡರೇ, ಹನ್ನೊಂದಾಯ್ತಲ್ಲ, ನಿಮ್ಮ ಟೀ ಎಲ್ಲಿ? ಶುಂಠಿ ಜಾಸ್ತಿ ಹಾಕಿ. ನಮ್ಮ ಪರೀಕ್ಷಕರಿಗೂ ಒಂದು ಲೋಟ ಕೊಡಿ. ಒಂದ್ಸಲ ನಿಮ್ಮ ಕೈ ಟೀ ಕುಡಿದ್ರೆ ನೂರಕ್ಕೆ ನೂರು ಹಾಕಿಬಿಡ್ತಾರೆ."

ಮುಗಿಯಿತು. ಕಾಂಪೌಂಡರು ಸ್ಟವ್ ಹಚ್ಚಿದರು. ತಲೆ ಸುತ್ತಲಿಲ್ಲ, ಸುತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಟೀ ಸೋಸಿ, ಲೋಟ ತೊಳೆದು, ಒರೆಸಿ, ಹೆಂಡತಿಯ ಮುಂದೆ ಹಿಡಿದರು. ಆಕೆ ಒಂದು ಗುಟುಕು ಕುಡಿದಳು. ಬೈಯುತ್ತಾಳೆ ಎಂದು ಕಾದರು. ಬೈಯಲಿಲ್ಲ. ಲೋಟವನ್ನೇ ನೋಡುತ್ತ ಮೆಲ್ಲಗೆ, "ಇಪ್ಪತ್ತಾರು ವರ್ಷದಲ್ಲಿ ನನಗೆ ನೀವು ಮಾಡಿಕೊಟ್ಟ ಮೊದಲನೇ ಟೀ" ಎಂದಳು. ಕಾಂಪೌಂಡರಿಗೆ ನಾಚಿಕೆಯಾಯಿತು. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆಯನ್ನು ಯಾರೋ ತನ್ನನ್ನು ನೋಡಿಯೇ ಮಾಡಿದ್ದಾರೆ ಅನ್ನಿಸಿತು.

ಮನೆಗೆ ಬಂದ ಮೇಲೂ ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಡಗಿವಿ ಕೊಟ್ಟು ಕೂರಬಹುದಿತ್ತು. ಸುಮ್ಮನಿದ್ದವಳಿಗೆ ಯಾವ ಕಿವಿ ಕೊಡುವುದು? "ಎಷ್ಟು ಬಿತ್ತೇ?" ಎಂದು ಕೇಳಿದರೆ, "ಭಾನುವಾರ ಸಭೇಲಿ ಓದ್ತಾರೆ" ಎಂದಳು. ರಟ್ಟು ತಲೆದಿಂಬಿನ ಕೆಳಗೆ ಹೋಯಿತು.

ಭಾನುವಾರ ಸಂಘದ ಹಾಲ್ ತುಂಬಿತ್ತು. ಅಧ್ಯಕ್ಷರು ಕನ್ನಡಕ ಏರಿಸಿ ಪಟ್ಟಿ ಓದಿದರು. ನೆಲದ ಸ್ವಚ್ಛತೆ, ಹತ್ತು. ರೋಗಿಯ ಗುಟ್ಟು, ಹತ್ತು. ಗಾಯದ ಆರೈಕೆ, ಹತ್ತು. ತಾಳ್ಮೆ, ಹತ್ತು. ಹತ್ತು, ಹತ್ತು, ಹತ್ತು. ಒಂಬತ್ತು ವಿಷಯಕ್ಕೂ ಹತ್ತತ್ತು. ಕೇರಂನವರು ಮುಖ ಹುಳ್ಳಗೆ ಮಾಡಿಕೊಂಡರು. ಕಾಂಪೌಂಡರಿಗೆ ಕುಣಿಯುವಷ್ಟು ಖುಷಿಯಾಯಿತು. ಕೆಲಸ ಉಳಿಯಿತು, ಹೆಂಡತಿ ದೊಡ್ಡ ಮನಸ್ಸು ಮಾಡಿದಳು, ತನ್ನಂಥ ಅದೃಷ್ಟವಂತ ಯಾರಿದ್ದಾರೆ?

"ಹತ್ತನೆಯದು, ಮನೆಗೆ ಬಂದು ಆರೈಕೆ ಮಾಡುವುದು" ಎಂದು ಅಧ್ಯಕ್ಷರು ತಡವರಿಸಿದರು. "ಸೊನ್ನೆ."

ಡಾಕ್ಟರಮ್ಮ ಎದ್ದು ನಿಂತರು. ಶಾಲೆಯಿಂದ ಕಾಲೇಜಿನವರೆಗೂ ಮೊದಲನೇ ಸ್ಥಾನ ಬಿಟ್ಟುಕೊಡದ ಹೆಂಗಸು. ಸೊನ್ನೆ ಎಂಬುದನ್ನು ಅವರು ಕಂಡದ್ದು ಇದೇ ಮೊದಲು. "ಇದು ನಮ್ಮ ತಪ್ಪೇ. ನಾಳೆಯಿಂದಲೇ ಸರಿ ಮಾಡ್ತೀವಿ. ತುರ್ತಾಗಿ ಯಾರ ಮನೆಗೆ ಬರಬೇಕು, ಹೇಳಿ."

ಕಾಂಪೌಂಡರ ಪಕ್ಕದಲ್ಲೇ ಒಂದು ಕೈ ಮೇಲೆ ಹೋಯಿತು.

"ರೋಗಿ ಯಾರು?"

"ನಾನೇ."

"ಎಷ್ಟು ದಿನದಿಂದ ತೊಂದರೆ?"

"ಇಪ್ಪತ್ತಾರು ವರ್ಷದಿಂದ."

"ಇಷ್ಟು ದಿನ ಯಾರೂ ಬಂದು ನೋಡಲಿಲ್ವಾ?"

"ಬರ್ತಾರೆ ಡಾಕ್ಟ್ರೇ. ದಿನಾ ಸಂಜೆ ಬರ್ತಾರೆ. ಊಟ ಮಾಡಿ ಮಲ್ಕೋತಾರೆ."

ಹಾಲ್ ಬಿದ್ದು ಬಿದ್ದು ನಕ್ಕಿತು. ಕೇರಂನವರಂತೂ ಸೋತ ದುಃಖವನ್ನೇ ಮರೆತರು. ಡಾಕ್ಟರಮ್ಮ ಮಾತ್ರ ನಗದೆ, ಗಂಭೀರವಾಗಿ ಬ್ಯಾಗಿನಿಂದ ಚೀಟಿ ತೆಗೆದು ಸರಸರನೆ ಬರೆದು, ಎಂದಿನಂತೆ ಕಾಂಪೌಂಡರ ಕೈಗೆ ಕೊಟ್ಟರು. "ರೋಗಿಗೆ ಓದಿ ಹೇಳಿ."

ಡಾಕ್ಟರಮ್ಮನ ಕೈಬರಹ ಓದಬಲ್ಲವರು ಇಡೀ ಊರಿನಲ್ಲಿ ಕಾಂಪೌಂಡರೊಬ್ಬರೇ. ಬರೆದವರು ಆಗಲೇ ಅಧ್ಯಕ್ಷರ ಕಡೆ ತಿರುಗಿ ಕರಾರಿನ ಮಾತಿಗೆ ತೊಡಗಿದ್ದರು. ಚೀಟಿಯಲ್ಲಿ ಏನಿದೆ ಎಂದು ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ವಾರಕ್ಕೊಮ್ಮೆ ಎಂದರೂ ನಡೆಯುತ್ತಿತ್ತು, ತಿಂಗಳಿಗೊಮ್ಮೆ ಎಂದರೂ ನಡೆಯುತ್ತಿತ್ತು. ಮನಸ್ಸು ಒಂದು ಕ್ಷಣ ಜಾರಿತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವರು ಯಾವ ರೋಗಿಗೂ ತಪ್ಪು ಲೆಕ್ಕ ಹೇಳಿದವರಲ್ಲ. ಹೆಂಡತಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು ಓದಿದರು.

"ಬೆಳಿಗ್ಗೆ ಎದ್ದ ಕೂಡಲೇ ಟೀ, ಒಂದು ಲೋಟ. ಅದಾದ ಮೇಲೆ ಕಸ ಗುಡಿಸೋದು, ಒಂದು ಸಲ. ರಾತ್ರಿ ಊಟದ ನಂತರ ಪಾತ್ರೆ, ಇರೋವಷ್ಟೂ. ಮಾತಾಡಿದ್ದನ್ನ ಪೂರ್ತಿ ಕೇಳೋದು, ಬೇಕಾದಾಗೆಲ್ಲ. ಹದಿನೈದು ದಿನ."

ಡಾಕ್ಟರಮ್ಮ ಬರೆದದ್ದು ಅಷ್ಟೇ. ಹದಿನೈದು ದಿನ ಹಲ್ಲು ಕಚ್ಚಿಕೊಂಡಿದ್ದರೆ ಅಲ್ಲಿಗೆ ಬಿಡುಗಡೆ. ಆದರೆ ದಿನಕ್ಕೆ ಅರವತ್ತು ಜನಕ್ಕೆ ಹೇಳಿ ಹೇಳಿ ಪಳಗಿದ ನಾಲಿಗೆ ತಡೆಯಲಾರದೆ ತಾನಾಗಿಯೇ ಹೊರಳಿತು: "ಗುಣ ಆಯ್ತು ಅಂತ ಮಧ್ಯದಲ್ಲಿ ನಿಲ್ಲಿಸಬಾರದು. ಹದಿನೈದು ದಿನ ಆದ್ಮೇಲೂ ಕಡಿಮೆ ಆಗದಿದ್ರೆ, ಇದನ್ನೇ ಮುಂದುವರಿಸಿ."

"ಕಡಿಮೆ ಆಗೋ ಥರ ಕಾಣಲ್ಲ" ಎಂದು ಹೆಂಡತಿ ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಪರ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡಳು.